ಹಲಗೆಯ ಮೇಲಿನ ಜೋಡಿ ಡಿಸ್ಕು

ಜೂನ್ 3

ಪ್ರೀತಿಯ ರಿಪೇರಿರಾಯನಿಗೆ,

ಶನಿವಾರ ಬಸ್ಸು ಹತ್ತಿ ಅಷ್ಟು ದೂರ ಬಂದೆ. ಜೈಲಿನ ಭೇಟಿ ಕೋಣೆಯಲ್ಲಿ ಬೆಂಚಿನ ತುದಿಗೆ ಕೂತು ಕಾದೆ. ಪಕ್ಕದವರ ಗಂಡಂದಿರು, ಮಕ್ಕಳು ಎಲ್ಲ ಜಾಲರಿಯ ಆಚೆ ಬಂದು, ಮಾತಾಡಿ, ಅತ್ತು, ಒಳಗೆ ಹೋದರು. ನೀನು ಮಾತ್ರ ಬರಲಿಲ್ಲ. "ನಿಮ್ಮ ತಮ್ಮಂಗೆ ಹುಷಾರಿಲ್ವಂತೆ, ಬರಲ್ಲ ಅಂದ" ಎಂದು ಪೇದೆ ಬಂದು ಹೇಳಿದ. ಹುಷಾರಿಲ್ಲದವರು ಅಕ್ಕನ ಮುಖ ನೋಡಬಾರದು ಎಂದು ಯಾವ ಡಾಕ್ಟರು ಬರೆದುಕೊಟ್ಟಿದ್ದಾರೋ ನಿನಗೆ?

ಜಗಳ ಆಮೇಲೆ ಆಡೋಣ. ಈಗ ಕೇಳು. ನಿನ್ನ ಬಾಡಿಗೆ ಕೋಣೆಯನ್ನು ಖಾಲಿ ಮಾಡಿ ಎಂದು ಮನೆಯೊಡತಿ ಒಂದೇ ಸಮನೆ ಪೀಡಿಸುತ್ತಿದ್ದಳು. ಬಟ್ಟೆ ಗೋದಾಮಿಗೆ ಬೆಂಕಿ ಇಟ್ಟು ಕಾವಲುಗಾರನನ್ನು ಕೊಂದವನ ಸಾಮಾನು ತನ್ನ ಮನೆಯಲ್ಲಿ ಇರಬಾರದಂತೆ. ಹಾಗಂತ ನನ್ನ ಮುಖಕ್ಕೇ ಹೇಳಿದಳು. ನಿನ್ನ ಭಾವ ವ್ಯಾನು ತಂದು ಎಲ್ಲವನ್ನೂ ನಮ್ಮ ಮನೆಗೆ ಸಾಗಿಸಿದರು. ನಿನ್ನ ಕಂಪ್ಯೂಟರನ್ನೂ ತಂದೆವು. ಪೊಲೀಸರು ನಿನ್ನ ಮಡಚುವ ಕಂಪ್ಯೂಟರನ್ನು ಹೊತ್ತುಕೊಂಡು ಹೋಗಿ, ಹಲಗೆಯ ಮೇಲೆ ತಿರುಪು ಹಾಕಿ ನೀನೇ ಕೂರಿಸಿದ ಇದನ್ನು ಗುಜರಿ ಎಂದು ಬಿಟ್ಟು ಹೋಗಿದ್ದಾರೆ. ಮುಚ್ಚಳ ಇಲ್ಲ, ಪೆಟ್ಟಿಗೆ ಇಲ್ಲ, ತಂತಿಗಳೆಲ್ಲ ಹೊರಗೆ. ಅವರನ್ನು ಬೈಯುವ ಹಾಗೂ ಇಲ್ಲ. ನಾನೂ ಎಷ್ಟು ಸಲ "ಇದಕ್ಕೊಂದು ಅಂಗಿ ಹೊಲಿದುಕೊಡ್ಲಾ" ಎಂದು ನಿನ್ನನ್ನು ಗೋಳು ಹೊಯ್ದುಕೊಂಡಿಲ್ಲ!

ವ್ಯಾನಿನಿಂದ ಅದನ್ನು ಇಳಿಸುವಾಗ ನನಗೆ ಥಟ್ಟನೆ ನೆನಪಾಯಿತು. ನೀನು ಕ್ಯಾಮೆರಾ ಕೂರಿಸಿದ ಅಂಗಡಿಗಳವರು ಪದೇ ಪದೇ ಕೆಟ್ಟಿದೆ ಎಂದು ಕರೆಯುತ್ತಾರೆ ಅಂತ, ಮನೆಯಲ್ಲೇ ಕೂತು ನೋಡುವ ಹಾಗೆ ಎಲ್ಲ ಚಿತ್ರಗಳ ಒಂದು ಪ್ರತಿ ಈ ಹಲಗೆಗೆ ಬರುವಂತೆ ಮಾಡಿಕೊಂಡಿದ್ದೆಯಲ್ಲ? ಗೋದಾಮಿನೊಳಗಿದ್ದದ್ದು ಸುಟ್ಟುಹೋದರೂ ಅದರ ಪ್ರತಿ ಇದರಲ್ಲಿ ಇರಬೇಕಲ್ಲ? ಆ ಸಂಜೆ ಬೀಗ ತೆಗೆದು ಒಳಗೆ ಹೋದವನು ಯಾರು ಎಂದು ಅದರಲ್ಲಿ ಕಾಣಬೇಕಲ್ಲ! ವಕೀಲರಿಗೆ ಹೇಳಿದೆ. ಅವರು ಕುರ್ಚಿಯಿಂದ ಎದ್ದೇ ನಿಂತರು. "ಅದೊಂದು ಸಿಕ್ಕರೆ ಸಾಕಮ್ಮ, ನಿಮ್ಮ ತಮ್ಮ ಮನೆಗೆ ಬಂದ ಹಾಗೇ ಲೆಕ್ಕ" ಅಂದರು.

ಆದರೆ ಅದು ತೆರೆಯುತ್ತಿಲ್ಲ ಕಣೋ. ಪರದೆ ಬೆಳಗುತ್ತದೆ, ಎಲ್ಲ ಬರುತ್ತದೆ, ಚಿತ್ರಗಳು ಇರುವ ಜಾಗ ಮಾತ್ರ ಇಲ್ಲ. ಅದರ ಬದಲು ಗುರುತಿಲ್ಲದ ಎರಡು ಡಿಸ್ಕ್ ಇವೆ, ಫಾರ್ಮ್ಯಾಟ್ ಮಾಡಬೇಕೇ ಎಂದು ಕೇಳುತ್ತದೆ. ಗೊತ್ತಿಲ್ಲದ್ದಕ್ಕೆ ಹೂಂ ಅನ್ನಬಾರದು ಎಂದು ಬೇಡ ಅಂತ ಒತ್ತಿದೆ. ಮುಂದೆ ಏನು ಮಾಡಬೇಕು, ಬೇಗ ಬರೆ.

ನಿನ್ನ ಭಾವ ನಿನ್ನ ಚಿಂತೆಯಲ್ಲಿ ಅರ್ಧ ಆಗಿದ್ದಾರೆ. ಊಟ ಸೇರುವುದಿಲ್ಲ. ಆ ಗೋದಾಮಿನ ಬೀದಿಯಲ್ಲಿ ವ್ಯಾನು ಓಡಿಸುವುದನ್ನೇ ಬಿಟ್ಟು ಸುತ್ತುಹಾದಿಯಲ್ಲಿ ಹೋಗುತ್ತಾರೆ. ಪುಟ್ಟಿ ದಿನವೂ ಮಾಮ ಯಾವಾಗ ಬರ್ತಾನೆ ಎಂದು ಕೇಳುತ್ತಾಳೆ.

ನಿನ್ನ ಅಕ್ಕ

*

ಜೂನ್ 9

ಅಕ್ಕ,

ಕಾಗದ ಸಿಕ್ಕಿತು. ಆ ಯಂತ್ರದಲ್ಲಿ ಏನೂ ಇಲ್ಲ. ಗೋದಾಮಿನಿಂದ ನನ್ನ ಕೋಣೆಗೆ ಬರುವ ಸಂಪರ್ಕ ಆ ವಾರವೆಲ್ಲ ಕೆಟ್ಟಿತ್ತು. ವಕೀಲರಿಗೆ ಸುಮ್ಮನೆ ಆಸೆ ಹುಟ್ಟಿಸಬೇಡ. ಅದನ್ನು ಯಾರಿಗಾದರೂ ಕೊಟ್ಟುಬಿಡು, ಗುಜರಿಗೆ ಹಾಕಿದರೂ ಆಯಿತು. ಮನೆಯಲ್ಲಿ ಜಾಗ ತಿನ್ನುತ್ತದೆ ಅಷ್ಟೆ.

ಭಾವನನ್ನು ಚೆನ್ನಾಗಿ ನೋಡಿಕೋ. ಅವರಿಗೆ ಈ ವಿಷಯದಲ್ಲಿ ಏನೂ ಕೇಳಬೇಡ, ಹೇಳಬೇಡ. ಪುಟ್ಟಿಗೆ ಮಾಮ ಕೆಲಸದ ಮೇಲೆ ಹೋಗಿದ್ದಾನೆ ಎಂದು ಹೇಳು.

ಇನ್ನೊಂದು ಸಲ ಇಷ್ಟು ದೂರ ಬರಬೇಡ.

ತಮ್ಮ

*

ಜೂನ್ 14

ಲೋ ರಿಪೇರಿರಾಯ,

ಇದು ನಿನ್ನ ಕಾಗದವೋ, ಜೈಲಿನವರು ಹೇಳಿ ಬರೆಸಿದ್ದೋ? ಆ ಹಲಗೆಯ ಮೇಲೆ ಒಂದು ಲೋಟ ಇಟ್ಟರೆ ನನ್ನ ಮೇಲೆ ಹಾರಾಡುತ್ತಿದ್ದವನು ನೀನು. ಈಗ ಗುಜರಿಗೆ ಹಾಕು ಅನ್ನುತ್ತೀಯ. ನೀನು ಕೈಚೆಲ್ಲಿ ಕೂತಿದ್ದೀಯ, ಅದು ನನಗೆ ಗೊತ್ತಾಯಿತು. ಕೂತುಕೋ. ನಾನು ಕೂರುವವಳಲ್ಲ.

ವಕೀಲರು ಮುಚ್ಚುಮರೆ ಇಲ್ಲದೆ ಹೇಳಿದರು. ಗೋದಾಮಿನ ಬೀಗದ ಕೈ ಮಾಲೀಕನನ್ನು ಬಿಟ್ಟರೆ ನಿನ್ನ ಹತ್ತಿರ ಮಾತ್ರ ಇತ್ತು. ಅವತ್ತು ಮಧ್ಯಾಹ್ನ ನೀನು ಅಲ್ಲಿ ಕ್ಯಾಮೆರಾ ಸರಿಮಾಡಲು ಹೋಗಿದ್ದನ್ನು ನೋಡಿದವರಿದ್ದಾರೆ. ಒಳಗೆ ಮಲಗಿದ್ದ ಮನುಷ್ಯ ಹೊಗೆ ಕುಡಿದು ಸತ್ತಿದ್ದಾನೆ. ಜುಲೈ ಹದಿನೇಳಕ್ಕೆ ವಿಚಾರಣೆ. ಅಷ್ಟರೊಳಗೆ ಬೇರೆ ಏನೂ ಸಿಗದಿದ್ದರೆ ನಿನ್ನ ಕೂದಲು ಒಳಗೇ ನೆರೆಯುತ್ತದೆ, ಅರ್ಥವಾಯಿತಾ?

ಮೊನ್ನೆ ಅಂಗಡಿಗೆ ಬಟ್ಟೆ ಅಳತೆ ಕೊಡಲು ಒಬ್ಬಳು ಬಂದಳು. ಟೇಪು ಹಿಡಿದು ಅವಳ ಹೆಗಲಿಗೆ ಇಟ್ಟೆ. ಆಗ ಅವಳು ನನ್ನ ಮುಖ ನೋಡಿ, "ನೀವು ಅವನ ಅಕ್ಕ ಅಲ್ವಾ" ಅಂದಳು. ಕಾವಲುಗಾರನ ಹೆಂಡತಿ. ಬೈಯಲಿಲ್ಲ, ಅಳಲಿಲ್ಲ. ನನ್ನ ಕೈಯನ್ನು ತನ್ನ ಹೆಗಲಿನಿಂದ ತೆಗೆದು ಪಕ್ಕಕ್ಕಿಟ್ಟು ಎದ್ದು ಹೋದಳು. ಅವಳ ಮುಂದೆ ಹೋಗಿ, "ನನ್ನ ತಮ್ಮ ಅಲ್ಲ, ಇಗೋ ನೋಡಿ" ಎಂದು ಹೇಳುವವರೆಗೂ ನನಗೆ ನಿದ್ದೆ ಬರುವುದಿಲ್ಲ.

ನೀನು ಹೇಳಿಕೊಡದಿದ್ದರೆ ಬಸ್ ನಿಲ್ದಾಣದ ಪಕ್ಕದ ರಿಪೇರಿ ಅಂಗಡಿಯವಳ ಹತ್ತಿರ ಹಲಗೆ ಸಮೇತ ಹೊತ್ತುಕೊಂಡು ಹೋಗುತ್ತೇನೆ. ಅವಳು ಎಂಥ ಸತ್ತ ಯಂತ್ರವನ್ನೂ ಎಬ್ಬಿಸುತ್ತಾಳಂತೆ. ಯೋಚನೆ ಮಾಡು.

ಅಕ್ಕ

*

ಜೂನ್ 19

ಪ್ರೀತಿಯ ಅಕ್ಕನಿಗೆ,

ಕೋಪ ಮಾಡಿಕೊಳ್ಳಬೇಡ. ಇಲ್ಲಿಯ ಗೋಡೆ ನೋಡಿ ನೋಡಿ ತಲೆ ಕೆಟ್ಟಿತ್ತು, ಏನೋ ಬರೆದುಬಿಟ್ಟೆ. ನೀನು ಹೇಳುವುದೇ ಸರಿ, ಚಿತ್ರ ಅದರಲ್ಲಿ ಇದ್ದರೂ ಇರಬಹುದು. ಆದರೆ ಯಾವ ಅಂಗಡಿಗೂ ಹೊತ್ತುಕೊಂಡು ಹೋಗಬೇಡ. ಒಂದು ತಂತಿ ಆಚೀಚೆ ಆದರೆ ಮುಗಿಯಿತು. ನಾನು ಹೇಳಿದ ಹಾಗೆ ನೀನೇ ಮಾಡು. ನಿನ್ನ ಕೈ ನನಗೆ ಗೊತ್ತಿದೆ, ಒಂದು ನೂಲು ಆಚೆ ಹೋಗುವುದಿಲ್ಲ.

ಮೊದಲು ಆ ಯಂತ್ರದ ಒಳಗುಟ್ಟು ಹೇಳುತ್ತೇನೆ. ಅಷ್ಟೊಂದು ಕ್ಯಾಮೆರಾಗಳ ಚಿತ್ರ ಒಟ್ಟಿಗೆ ಬಂದು ಬೀಳುವಾಗ ಒಂದೇ ಡಿಸ್ಕು ತಡವರಿಸುತ್ತದೆ. ಅದಕ್ಕೇ ಎರಡು ಡಿಸ್ಕನ್ನು ಜೋಡಿ ಮಾಡಿದ್ದೇನೆ. ಬಂದ ಚಿತ್ರವನ್ನು ಪಟ್ಟಿ ಪಟ್ಟಿಯಾಗಿ ಸೀಳಿ, ಒಂದು ಪಟ್ಟಿ ಇದರಲ್ಲಿ, ಮುಂದಿನದು ಅದರಲ್ಲಿ ಎಂದು ಇಡುತ್ತಾ ಹೋಗುತ್ತದೆ. ಇಬ್ಬರೂ ಅರ್ಧರ್ಧ ಕೆಲಸ ಹಂಚಿಕೊಳ್ಳುವುದರಿಂದ ವೇಗ. ಆದರೆ ಒಂದು ಇಲ್ಲದಿದ್ದರೆ ಇನ್ನೊಂದು ಬರೀ ತಗಡು, ಒಂದು ಮುಖವೂ ಪೂರ್ತಿ ಸಿಗುವುದಿಲ್ಲ.

ಈಗ ಮಾಡಬೇಕಾದ್ದು. ಗುಂಡಿ ಒತ್ತಿದ ಕೂಡಲೇ ಮೂಲೆಯ ಡಿಲೀಟ್ ಕೀಲಿಯನ್ನು ಬಿಡದೆ ತಟ್ಟುತ್ತಿರು. ನೀಲಿ ಪುಟ ಬರುತ್ತದೆ. ಅಲ್ಲಿ ಡಿಸ್ಕುಗಳ ಸಾಲಿನಲ್ಲಿ ರೈಡ್ ಎಂಬುದನ್ನು ಆರಿಸಿ ಉಳಿಸು, ಇಂಥ ಜೋಡಿಗೆ ಯಂತ್ರದ ಭಾಷೆಯಲ್ಲಿ ಅದೇ ಹೆಸರು. ಮತ್ತೆ ಶುರುವಾದಾಗ ಜೋಡಿ ಮಾಡುವ ಪುಟ ಬರುತ್ತದೆ. ಹಳೆಯ ಜೋಡಿಯ ಹೆಸರು ಕಂಡರೆ ಮೊದಲು ಅದನ್ನು ತೆಗೆದುಹಾಕು. ಆಮೇಲೆ ಎರಡೂ ಡಿಸ್ಕುಗಳಿಗೆ ಗುರುತು ಹಾಕಿ ಹೊಸ ಜೋಡಿ ಮಾಡು. ಯಾವ ಬಗೆಯ ಜೋಡಿ ಎಂದು ಕೇಳಿದರೆ ಸೊನ್ನೆ ಎಂಬುದನ್ನು ಆರಿಸು. ಪಟ್ಟಿಯ ಅಗಲ ಎಷ್ಟು ಎಂದು ಕೇಳಿದರೆ ಅದು ತಾನಾಗಿ ತೋರಿಸಿದ್ದೇ ಇರಲಿ. ಎಲ್ಲ ಅಳಿಸಿಹೋಗುತ್ತದೆ ಎಂದು ಕೆಂಪಕ್ಷರದಲ್ಲಿ ಹೆದರಿಸುತ್ತದೆ. ಅದು ಎಲ್ಲರಿಗೂ ಹಾಗೇ ಹೆದರಿಸುವುದು. ಹೂಂ ಅನ್ನು.

ಕಡೆಗೆ ಫಾರ್ಮ್ಯಾಟ್ ಎಂದು ಕೇಳುತ್ತದೆ. ಆ ಚೌಕದಲ್ಲಿ ಬೇಗ ಮುಗಿಸುವುದಕ್ಕೆ ಒಂದು ಸರಿಗುರುತು ಹಾಕಿರುತ್ತದೆ. ಮರೆಯದೆ ಅದನ್ನು ತೆಗೆ. ನಿಧಾನವಾದದ್ದೇ ಆಗಲಿ, ಇಡೀ ದಿನ ಹಿಡಿಯಲಿ. ಆಗ ಹಳೆಯದೆಲ್ಲ ತಂತಮ್ಮ ಜಾಗಕ್ಕೆ ಬಂದು ಕೂರುತ್ತದೆ.

ನಮ್ಮ ಕಾಗದಗಳನ್ನು ಓದಿ ಮುದ್ರೆ ಹಾಕುವ ಸಾಹೇಬರು ಇದನ್ನು ಓದಿ, "ಏನಯ್ಯಾ, ಅಕ್ಕಂಗೆ ಮಂತ್ರ ಹೇಳ್ಕೊಡ್ತಿದೀಯಾ" ಎಂದು ಕೇಳಿ ನಕ್ಕರು. ನಾನೂ ನಕ್ಕೆ.

ನಿನ್ನ ತಮ್ಮ

*

ಜೂನ್ 27

ತಮ್ಮಾ,

ಎಲ್ಲ ಹೋಯಿತು. ಏನೂ ಇಲ್ಲ. ತೆರೆದರೆ ಬರೀ ಬಿಳಿ.

ನೀನು ಹೇಳಿದ ಒಂದು ಮಾತನ್ನೂ ಬಿಡಲಿಲ್ಲ. ನಿನ್ನ ಕಾಗದವನ್ನು ಗಟ್ಟಿಯಾಗಿ ಓದುತ್ತಾ, ಒಂದೊಂದು ಸಾಲಿನ ಕೆಳಗೂ ಸೀಮೆಸುಣ್ಣದ ಗೆರೆ ಎಳೆಯುತ್ತಾ ಮಾಡಿದೆ. ನಿನ್ನ ಭಾವ ಬಾಡಿಗೆಗೆ ಹೋಗದೆ ಇಡೀ ದಿನ ಪಕ್ಕದಲ್ಲೇ ಕೂತಿದ್ದರು. ಕೆಂಪಕ್ಷರ ಬಂತು. ನೀನು ಹೇಳಿದ್ದೀಯಲ್ಲ ಎಂದು ಹೂಂ ಒತ್ತಿದೆ. ಬೇಗ ಮುಗಿಸುವ ಗುರುತನ್ನೂ ತೆಗೆದೆ. ಹಸಿರು ಪಟ್ಟಿ ಇರುವೆಯ ಹಾಗೆ ತೆವಳಿತು. ಮಾರನೆಯ ದಿನ ಮುಗಿಯಿತು. ತೆರೆದರೆ ಒಳಗೆ ಒಂದು ಹುಲ್ಲುಕಡ್ಡಿಯೂ ಇಲ್ಲ.

ಎಲ್ಲಿ ತಪ್ಪಿದೆ ಹೇಳು. ಪಟ್ಟಿಯ ಅಗಲವೇ? ಡಿಸ್ಕುಗಳ ಸರದಿ ಅದಲುಬದಲಾಯಿತೇ? ನಿನ್ನನ್ನು ಹೊರಗೆ ತರಬೇಕಾದವಳು ನನ್ನ ಕೈಯಾರೆ ನಿನ್ನ ಬಾಗಿಲಿಗೆ ಮೊಳೆ ಹೊಡೆದೆನೇ? ಅಡುಗೆಮನೆಯ ನೆಲದ ಮೇಲೆ ಕೂತು ಕೂಗಿ ಅತ್ತೆ. ಪುಟ್ಟಿ ಹೆದರಿ ನೆರೆಮನೆಗೆ ಓಡಿದಳು. ನಿನ್ನ ಭಾವ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು "ಹೋಗ್ಲಿ ಬಿಡು, ಹೋಗ್ಲಿ ಬಿಡು" ಅನ್ನುತ್ತಲೇ ಇದ್ದರು. ಅವರ ಮೈ ನನಗಿಂತ ಹೆಚ್ಚು ನಡುಗುತ್ತಿತ್ತು.

ವಕೀಲರಿಗೆ ಇನ್ನೂ ಹೇಳಿಲ್ಲ. ಯಾವ ಮುಖ ಹೊತ್ತು ಹೇಳಲಿ? ಏನಾದರೂ ದಾರಿ ಇದ್ದರೆ ಬರೆ. ನಿನ್ನ ಕಾಲು ಹಿಡಿಯುತ್ತೇನೆ, ಬರೆ.

ಅಕ್ಕ

*

ಜುಲೈ 2

ನನ್ನ ಚಿನ್ನದಂಥ ಅಕ್ಕನಿಗೆ,

ಮೊದಲು ಕಣ್ಣೊರೆಸಿಕೋ. ನಿನ್ನದು ಏನೂ ತಪ್ಪಿಲ್ಲ. ನೀನು ಎಲ್ಲ ಸರಿಯಾಗಿಯೇ ಮಾಡಿದ್ದೀಯ, ನಾನು ಮಾಡಿದ್ದರೂ ಇಷ್ಟು ಅಚ್ಚುಕಟ್ಟಾಗಿ ಆಗುತ್ತಿರಲಿಲ್ಲ. ಅದರಲ್ಲಿ ಮೊದಲೇ ಏನೂ ಇರಲಿಲ್ಲ ಅಷ್ಟೆ. ಇಲ್ಲದ್ದು ಎಲ್ಲಿಂದ ಬರಬೇಕು?

ಎಷ್ಟೋ ದಿನದ ಮೇಲೆ ನಿನ್ನೆ ಹೊಟ್ಟೆ ತುಂಬ ಊಟ ಮಾಡಿದೆ. ನನ್ನ ಪಕ್ಕದ ಹಾಸಿಗೆಯಲ್ಲಿ ಗಡಿಯಾರ ರಿಪೇರಿ ಮಾಡುವವನೊಬ್ಬನಿದ್ದಾನೆ, ಅವನ ಗೊರಕೆಗೆ ಗೋಡೆಯ ಸುಣ್ಣ ಉದುರುತ್ತದೆ. ಅವನಿಗೆ ಗೊರಕೆರಾಯರು ಎಂದು ಹೆಸರಿಟ್ಟಿದ್ದೇನೆ. ಕೈಲಾದರೆ ನನ್ನ ಬೂದು ಬಣ್ಣದ ಸ್ವೆಟರ್ ಕಳಿಸು. ಪುಟ್ಟಿ ಬರೆದ ಚಿತ್ರ ಯಾವುದಾದರೂ ಇದ್ದರೆ ಅದನ್ನೂ.

ವಿಚಾರಣೆಯ ಭಯ ಬೇಡ. ಕೈಯಲ್ಲಿ ಬೀಗದ ಕೈ ಇತ್ತು ಅನ್ನುವುದೊಂದೇ ಸಾಕ್ಷಿ ಅಲ್ಲ. ಬೇರೆ ಏನೂ ಇಲ್ಲದಿದ್ದರೆ ಬಿಟ್ಟೇ ಬಿಡುತ್ತಾರೆ. ಭಾವನಿಗೆ ಹೇಳು, ಎಲ್ಲ ಸರಿಹೋಯಿತು, ಇನ್ನು ನೆಮ್ಮದಿಯಾಗಿ ಉಣ್ಣಿ ಎಂದು ನಾನು ಹೇಳಿದೆ ಅಂತ. ಆ ಹಲಗೆಯನ್ನು ಇನ್ನಾದರೂ ಗುಜರಿಗೆ ಹಾಕು.

ನಿನ್ನ ರಿಪೇರಿರಾಯ

*

ಜುಲೈ 8

ತಮ್ಮಾ,

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಇದು ಸೋತವನ ಕಾಗದ ಅಲ್ಲ. ಹೊರಗೆ ಬರುವ ಒಂದೇ ದಾರಿ ಮುಚ್ಚಿಹೋಯಿತು ಎಂದು ನಾನು ಬರೆದರೆ ನೀನು ಹೊಟ್ಟೆ ತುಂಬ ಉಂಡೆಯಂತೆ! ನಿನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಬೆಳೆಸಿದವಳು ನಾನು. ನಿನ್ನ ಸಂತೋಷ ಯಾವುದು, ಸಂಕಟ ಯಾವುದು ಎಂದು ನನಗೆ ಬೇರೆಯವರು ಹೇಳಬೇಕಾಗಿಲ್ಲ.

ನಾನು ನಿನಗೆ ಒಂದು ವಿಷಯ ಹೇಳಿರಲಿಲ್ಲ. ನನ್ನ ಕಸುಬು ಬಟ್ಟೆ ಕತ್ತರಿಸುವುದು. ಬೆಲೆಬಾಳುವ ಬಟ್ಟೆಗೆ ನಾನು ನೇರವಾಗಿ ಕತ್ತರಿ ಹಾಕುವವಳಲ್ಲ. ಮೊದಲು ಹಳೆಯ ಹೊದಿಕೆಯ ಮೇಲೆ ಅದೇ ಅಳತೆಯಲ್ಲಿ ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ, ಮೈಗೆ ಹಿಡಿದು ನೋಡಿ, ಆಮೇಲೆ ಮುಂದಿನದು. ನಿನ್ನ ವಿಧಾನ ಬಂದಾಗಲೂ ಹಾಗೇ ಅನ್ನಿಸಿತು. ನೀನು ಬೇಡ ಅಂದಿದ್ದರೂ ರಿಪೇರಿ ಅಂಗಡಿಯವಳ ಹತ್ತಿರ ಆ ಎರಡು ಡಿಸ್ಕುಗಳನ್ನು ಮಾತ್ರ ಒಯ್ದು, ಬೇರೆ ಎರಡರ ಮೇಲೆ ತದ್ರೂಪು ಪ್ರತಿ ತೆಗೆಸಿದೆ. ಯಾಕೆ, ಏನು ಎಂದು ಅವಳಿಗೂ ಹೇಳಲಿಲ್ಲ, ಬೈಯುತ್ತೀಯ ಎಂದು ನಿನಗೂ ಬರೆಯಲಿಲ್ಲ. ನಾನು ಅಳಿಸಿದ್ದು ಆ ಪ್ರತಿಗಳನ್ನು. ಮೂಲದ್ದು ನನ್ನ ಗುಂಡಿಗಳ ಡಬ್ಬಿಯ ತಳದಲ್ಲಿ ಬೆಚ್ಚಗಿತ್ತು. ಆದರೂ ಅವತ್ತು ಅತ್ತದ್ದು ಸುಳ್ಳಲ್ಲ. ಪ್ರತಿಗೆ ಹೀಗಾದರೆ ಮೂಲಕ್ಕೂ ಇದೇ ಗತಿ, ನಿನಗೇ ದಾರಿ ಗೊತ್ತಿಲ್ಲ ಎಂದುಕೊಂಡು ಅತ್ತೆ.

ಎರಡನೆಯ ತಾರೀಖಿನ ನಿನ್ನ ಕಾಗದ ಬಂದ ಮೇಲೆ ಹಲಗೆ, ಮೂಲದ ಡಿಸ್ಕುಗಳು, ನಿನ್ನ ವಿಧಾನದ ಕಾಗದ ಎಲ್ಲ ಹೊತ್ತುಕೊಂಡು ಅವಳ ಹತ್ತಿರ ಹೋದೆ. ಅವಳು ಓದಿ ನನ್ನ ಮುಖ ನೋಡಿದಳು. "ಯಾರಮ್ಮ ನಿಮಗೆ ಇದನ್ನ ಬರೆದುಕೊಟ್ಟಿದ್ದು? ಇದು ಹಳೇದನ್ನ ಎಬ್ಬಿಸೋ ದಾರಿ ಅಲ್ಲ, ಸಮಾಧಿ ಮಾಡೋ ದಾರಿ" ಅಂದಳು. ಹಲಗೆಯ ಮೇಲಿನ ಬಿಲ್ಲೆಯಂಥ ಸೆಲ್ಲು ಸತ್ತಿತ್ತಂತೆ. ತಂತಿ ಕಿತ್ತು ವ್ಯಾನಿನಲ್ಲಿ ಹಾಕಿದಾಗ ಯಂತ್ರಕ್ಕೆ ತನ್ನ ಆಯ್ಕೆಗಳೆಲ್ಲ ಮರೆತುಹೋಗಿದ್ದವಂತೆ. ಹೊಸ ಸೆಲ್ಲು ಹಾಕಿದಳು, ನೀಲಿ ಪುಟದಲ್ಲಿ ರೈಡ್ ಎಂಬುದನ್ನು ಆರಿಸಿದಳು, ಅಷ್ಟೆ. ಜೋಡಿ ತಾನಾಗಿ ಎದ್ದು ಕೂತಿತು.

ಮನೆಗೆ ತಂದೆ. ಯಾರೂ ಇರಲಿಲ್ಲ. ಬಾಗಿಲಿಗೆ ಅಗುಳಿ ಹಾಕಿ ಆ ಸಂಜೆಯದನ್ನು ತೆರೆದೆ. ಗೇಟಿನ ಕಂಬದ ಮೇಲಿನ ಕ್ಯಾಮೆರಾ. ನಮ್ಮ ವ್ಯಾನು ಬಂತು. ಅದರ ಹಿಂಬದಿಯ ಪರದೆಯನ್ನು ಹೊಲಿದವಳು ನಾನು. ನನ್ನ ಗಂಡ ಇಳಿದರು. ಕಿಸೆಯಿಂದ ಬೀಗದ ಕೈ ತೆಗೆದರು. ನೀನು ಭಾನುವಾರ ಊಟಕ್ಕೆ ಬಂದಾಗ ಗೊಂಚಲನ್ನು ಮೇಜಿನ ಮೇಲೆ ಇಡುತ್ತಿದ್ದೆಯಲ್ಲ, ಅದರಿಂದಲೇ ಅಚ್ಚು ತೆಗೆದಿರಬೇಕು. ಬಟ್ಟೆಯ ಸುರುಳಿಗಳನ್ನು ಹೆಗಲ ಮೇಲೆ ಹೊತ್ತು ಹೊತ್ತು ತಂದು ತುಂಬಿದರು. ಮತ್ತೆ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಹೊಗೆ. ಎದ್ದು ಬಿದ್ದು ಓಡಿ ಬಂದು ವ್ಯಾನು ಹತ್ತಿ ಹೊರಟೇಬಿಟ್ಟರು. ನಾನು ಅಲ್ಲಿಗೆ ನಿಲ್ಲಿಸಿದೆ. ಅದಕ್ಕಿಂತ ಮುಂದೆ ನೋಡುವ ಶಕ್ತಿ ನನಗಿರಲಿಲ್ಲ.

ಇದು ನಿನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ನನ್ನ ಕೈಯಿಂದ ಅಳಿಸಲು ಹೊರಟೆ. ನನ್ನ ಸಂಸಾರ ಉಳಿಸುವುದಕ್ಕೋ? ಅದನ್ನು ನಿನ್ನ ಹತ್ತಿರ ಕೇಳಿಕೊಂಡವರು ಯಾರೋ? ನಿನ್ನನ್ನು ಅಲ್ಲಿ ಕೊಳೆಯಲು ಬಿಟ್ಟು ನಾನು ಇಲ್ಲಿ ಅವರಿಗೆ ಬಡಿಸುತ್ತಾ ಕೂರಬೇಕಿತ್ತೇ? ನನಗೆ ನಿನ್ನ ಮೇಲೆ ಬಂದಿರುವ ಸಿಟ್ಟು ಅವರ ಮೇಲೂ ಬಂದಿಲ್ಲ. ಅವರು ಕದ್ದರು, ಹೆದರಿದರು. ನೀನು ನನ್ನನ್ನು ದಡ್ಡಿ ಮಾಡಿದೆ.

ಅವರು ಈಗಷ್ಟೇ ಬಂದರು. ಕೈಕಾಲು ತೊಳೆಯುತ್ತಿದ್ದಾರೆ.

*

ಜುಲೈ 10

ತಮ್ಮಾ,

ನಿನ್ನ ಉತ್ತರಕ್ಕೆ ಕಾಯುವಷ್ಟು ದಿನಗಳಿಲ್ಲ, ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ.

ಮೊನ್ನೆ ಆ ಕಾಗದ ಬರೆದ ದಿನವೇ ನಿನ್ನ ಭಾವನನ್ನು ಕೂರಿಸಿಕೊಂಡು ಹೇಳಿದೆ, "ರೀ, ನಾನು ನೋಡಿದೆ." ಅಷ್ಟೇ ಅಂದದ್ದು. ಅವರು ಯಾವುದನ್ನು ಎಂದು ಕೇಳಲಿಲ್ಲ. ಗೋಡೆಗೆ ಒರಗಿ ಹಾಗೇ ಕುಸಿದರು. "ಒಳಗೆ ಅವನು ಮಲಗಿದ್ದಾನೆ ಅಂತ ನಂಗೆ ಗೊತ್ತಿರ್ಲಿಲ್ಲ ಕಣೆ. ಸಿಗರೇಟು ಎಲ್ಲಿ ಬಿತ್ತೋ ಅದೂ ಗೊತ್ತಿಲ್ಲ" ಎಂದು ಅತ್ತರು. ವ್ಯಾನಿಗೆ ಬಾಡಿಗೆಯೇ ಇಲ್ಲದ ದಿನಗಳು ಅವು, ನಿನಗೂ ನೆನಪಿರಬೇಕು. ನಾನು ಹೇಳಿದೆ, "ನಾನು ಕೊಂಡುಹೋಗಿ ಕೊಡೋದಕ್ಕಿಂತ ನೀವೇ ಹೋಗಿ ಹೇಳಿ. ನಾಳೆ ಸಂಜೆ ಇಬ್ಬರೂ ವಕೀಲರ ಹತ್ತಿರ ಹೋಗೋಣ." ಆಗಲಿ ಅಂದರು. ಪುಟ್ಟಿಯ ತಲೆ ನೇವರಿಸಿದರು. ನಾನು ನಂಬಿದೆ.

ಮಾರನೆಯ ದಿನ ಅಂಗಡಿಯಿಂದ ಬರುವಷ್ಟರಲ್ಲಿ ವ್ಯಾನು ಇರಲಿಲ್ಲ. ಹಲಗೆಯ ಮೇಲೆ ಒಂದು ಡಿಸ್ಕಿನ ಜಾಗ ಖಾಲಿ. ತಿರುಪುಗಳನ್ನು ಬಿಚ್ಚಿ ಸಾಲಾಗಿ ಪಕ್ಕಕ್ಕಿಟ್ಟು ಹೋಗಿದ್ದಾನೆ. ಒಂದೇ ಸಾಕು ಎಂದು ಅವನಿಗೆ ಹೇಗೆ ಗೊತ್ತು ಗೊತ್ತಾ? ನಾನೇ ಓದಿ ಹೇಳಿದ್ದೆ. ನಿನ್ನ ಕಾಗದವನ್ನು ಗಟ್ಟಿಯಾಗಿ ಓದುತ್ತಾ ಕೂತಿದ್ದೆನಲ್ಲ, ಒಂದು ಇಲ್ಲದಿದ್ದರೆ ಇನ್ನೊಂದು ಬರೀ ತಗಡು ಎಂದು. ಪಕ್ಕದಲ್ಲೇ ಕೂತು ಕೇಳಿಸಿಕೊಂಡ.

ಉಳಿದ ಡಿಸ್ಕನ್ನು ಎದೆಗವಚಿಕೊಂಡು ರಿಪೇರಿಯವಳ ಹತ್ತಿರ ಓಡಿದೆ. ಒಂದರಿಂದ ಏನೂ ಆಗದು ಎಂದು ಅವಳು ತಲೆಯಾಡಿಸಿದಳು. ಅಳಿಸಿದ ಪ್ರತಿಗಳಿಂದ ಏನಾದರೂ ಬರುತ್ತದಾ ಎಂದು ಕೇಳಿದೆ. "ಬೇಗ ಮುಗಿಸೋ ಗುರುತು ಇದ್ದಿದ್ರೆ ಏನಾದ್ರೂ ಹೆಕ್ಕಬಹುದಿತ್ತು. ನೀವು ಅದನ್ನ ತೆಗೆದು ಪೂರ್ತಿ ಉಜ್ಜಿಬಿಟ್ಟಿದೀರಲ್ಲಮ್ಮ" ಅಂದಳು. ಜೋಡಿ ಎದ್ದ ದಿನವೇ ಇನ್ನೊಂದು ಪ್ರತಿ ತೆಗೆಸಿ ಇಡುವ ಬುದ್ಧಿ ನನಗೆ ಬರಲಿಲ್ಲ. ಆಯುಷ್ಯವೆಲ್ಲ ಎಚ್ಚರದಿಂದ ಕತ್ತರಿಸಿದವಳು ಆ ಒಂದು ದಿನ ಮೈಮರೆತೆ. ಮೈ ಪರಚಿಕೊಳ್ಳಬೇಕು ಅನ್ನಿಸುತ್ತಿದೆ.

ವಕೀಲರಿಗೆ ಎಲ್ಲವನ್ನೂ ಹೇಳಿದೆ. ಅವರು ತಲೆಯ ಮೇಲೆ ಕೈಹೊತ್ತು ಕೂತರು. "ಅಕ್ಕ ತಮ್ಮನ್ನ ಬಿಡಿಸೋಕೆ ಓಡಿಹೋದ ಗಂಡನ ಮೇಲೆ ಹಾಕ್ತಿದಾಳೆ ಅಂತಾರೆ. ನಿಮ್ಮೊಬ್ಬರ ಮಾತು ನಿಲ್ಲಲ್ಲ" ಅಂದರು. ನಿಲ್ಲದಿದ್ದರೆ ಬೇಡ. ಹದಿನೇಳಕ್ಕೆ ನಾನು ಕಟಕಟೆ ಹತ್ತುತ್ತೇನೆ. ಕಣ್ಣಾರೆ ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ಕಾವಲುಗಾರನ ಹೆಂಡತಿ ಎದುರು ಕೂತಿರುತ್ತಾಳೆ, ಅವಳ ಮುಖ ನೋಡಿಯೇ ಹೇಳುತ್ತೇನೆ.

ಆಮೇಲೆ ನಿನ್ನನ್ನು ಕೇಳುತ್ತಾರೆ, ನಿಮ್ಮ ಅಕ್ಕ ಹೇಳುವುದು ನಿಜವಾ ಎಂದು. ಆಗ ನೀನು ಏನು ಹೇಳುತ್ತೀಯ? ಅಕ್ಕ ಸುಳ್ಳು ಹೇಳುತ್ತಿದ್ದಾಳೆ ಎಂದು ನಾಲ್ಕು ಜನರ ಮುಂದೆ ಹೇಳುವುದಕ್ಕೆ ನಿನಗೆ ಬಾಯಿ ಬರುತ್ತದಾ? ಬರುವುದಾದರೆ ಈಗಲೇ ಬರೆದು ತಿಳಿಸು. ನನಗೆ ತಮ್ಮನೂ ಇಲ್ಲ ಎಂದು ತಿಳಿದುಕೊಂಡೇ ಕಟಕಟೆ ಹತ್ತುತ್ತೇನೆ.

ಅಕ್ಕ

*

ಜುಲೈ 13

ಅಕ್ಕ,

ಎಂಟನೆಯ ತಾರೀಖಿನದು, ಹತ್ತನೆಯ ತಾರೀಖಿನದು, ಎರಡೂ ಇವತ್ತು ಒಟ್ಟಿಗೆ ಕೈಗೆ ಬಂದವು. ಇದನ್ನು ವಕೀಲರ ಗುಮಾಸ್ತರ ಕೈಯಲ್ಲೇ ಕಳಿಸುತ್ತಿದ್ದೇನೆ, ಇವತ್ತೇ ನಿನಗೆ ಸಿಗಬೇಕು.

ನಿನ್ನನ್ನು ಸುಳ್ಳಿ ಎನ್ನುವ ಬಾಯಿ ನನಗಿಲ್ಲ. ನನಗೆ ಗೊತ್ತಿದ್ದದ್ದನ್ನೆಲ್ಲ ಗುಮಾಸ್ತರಿಗೆ ಹೇಳಿ, ಬರೆಸಿ, ಸಹಿ ಹಾಕಿದ್ದೇನೆ. ಬೈಯುವುದಿದ್ದರೆ ಆಮೇಲೆ ಬೈ, ತಲೆ ತಗ್ಗಿಸಿ ಕೇಳುತ್ತೇನೆ. ನನ್ನ ಮೇಲೆ ಸಾಕ್ಷಿ ಇಲ್ಲ, ಹೇಗೂ ಬಿಡುತ್ತಾರೆ, ಭಾವ ಉಳಿದರೆ ನೀನು ಉಳಿದ ಹಾಗೆ ಎಂದು ಒಬ್ಬನೇ ಕೂತು ಲೆಕ್ಕ ಹಾಕಿದೆ. ಲೆಕ್ಕ ತಪ್ಪಿತು. ಅದು ಈಗ ಮುಖ್ಯವಲ್ಲ.

ನೀನು ವ್ಯಾನು ಹೊರಟಲ್ಲಿಗೆ ನಿಲ್ಲಿಸಿಬಿಟ್ಟೆ. ನಾನು ನಿಲ್ಲಿಸಿರಲಿಲ್ಲ. ಬೆಂಕಿಯ ಸುದ್ದಿ ಕೇಳಿದ ಬೆಳಗ್ಗೆ ಹಲಗೆಯ ಮುಂದೆ ಕೂತು ಕೊನೆಯವರೆಗೂ ನೋಡಿದೆ. ಮುಗಿಯುವುದಕ್ಕೂ ಪೊಲೀಸರು ಬಾಗಿಲು ಬಡಿಯುವುದಕ್ಕೂ ಸರಿಹೋಯಿತು, ಪ್ಲಗ್ಗು ಕಿತ್ತುಹಾಕಿ ಎದ್ದೆ.

ವ್ಯಾನು ಹೋಗಿ ಸ್ವಲ್ಪ ಹೊತ್ತಿಗೆ ವಾಪಸ್ಸು ಬರುತ್ತದೆ ಅಕ್ಕ. ತಿರುಗಿಸಿಕೊಂಡೂ ಅಲ್ಲ, ಹಿಂದಕ್ಕೆ ಹಿಂದಕ್ಕೆ ಬಂದು ಗೇಟಿಗೆ ಗುದ್ದಿ ನಿಲ್ಲುತ್ತದೆ. ಭಾವ ಇಳಿದು ಏನನ್ನೋ ಕೇಳಿಸಿಕೊಂಡ ಹಾಗೆ ನಿಲ್ಲುತ್ತಾರೆ. ಆಮೇಲೆ ಅಂಗಿ ಬಿಚ್ಚಿ ಮುಖಕ್ಕೆ ಸುತ್ತಿಕೊಂಡು ಆ ಹೊಗೆಯ ಒಳಗೆ ನುಗ್ಗುತ್ತಾರೆ. ಕೆಮ್ಮುತ್ತಾ ಹೊರಗೆ ಬಂದು ಬೀಳುತ್ತಾರೆ. ಎದ್ದು ಮತ್ತೆ ಹೋಗುತ್ತಾರೆ. ಎರಡನೆಯ ಸಲ ಕಾವಲುಗಾರನನ್ನು ಕಂಕುಳಿಗೆ ಕೈಕೊಟ್ಟು ಎಳೆದುಕೊಂಡು ಬರುತ್ತಾರೆ. ನೀರು ಹಾಕುತ್ತಾರೆ, ಅಲುಗಾಡಿಸುತ್ತಾರೆ, ಕೆನ್ನೆ ತಟ್ಟುತ್ತಾರೆ. ಬೆಂಕಿ ಆರಿಸುವ ವಾಹನದ ದೀಪ ತಿರುವಿನಲ್ಲಿ ಕಾಣುವವರೆಗೂ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿರುತ್ತಾರೆ. ಆಮೇಲೆ ವ್ಯಾನು ಹತ್ತಿ ಓಡುತ್ತಾರೆ.

ಕಾವಲುಗಾರ ತಾನೇ ತೆವಳಿಕೊಂಡು ಗೇಟಿನವರೆಗೆ ಬಂದ ಎಂದು ಪೊಲೀಸರು ಬರೆದುಕೊಂಡಿದ್ದಾರೆ. ಅವನನ್ನು ಒಬ್ಬರು ಎಳೆದು ತಂದದ್ದನ್ನು ನೋಡಿದ್ದು ಆ ಕಂಬದ ಕ್ಯಾಮೆರಾ ಮಾತ್ರ. ಅದನ್ನು ಕೊನೆಯವರೆಗೂ ನೋಡಿದವನು ನಾನೊಬ್ಬ. ನನ್ನ ಮಾತನ್ನು ಯಾರು ನಂಬುತ್ತಾರೆ? ಅಕ್ಕನ ಗಂಡನಿಗೆ ಶಿಕ್ಷೆ ಕಡಿಮೆ ಮಾಡಿಸಲು ಕಥೆ ಕಟ್ಟಿದ್ದಾನೆ ಅನ್ನುತ್ತಾರೆ.

ಭಾವನಿಗೆ ಇದು ಗೊತ್ತಿಲ್ಲ ಅಕ್ಕ. ನೀನು ನೋಡಿದೆ ಎಂದಾಗ ಕದ್ದದ್ದನ್ನೂ ಓಡಿದ್ದನ್ನೂ ಮಾತ್ರ ಕ್ಯಾಮೆರಾ ನೋಡಿದೆ ಎಂದುಕೊಂಡಿದ್ದಾರೆ. ಅಷ್ಟರಲ್ಲಿ ಬೆಂಕಿಗೆ ಕ್ಯಾಮೆರಾ ಕೆಟ್ಟಿತ್ತು, ತಾನು ತಿರುಗಿ ಬಂದದ್ದು ಯಾರಿಗೂ ಕಾಣಲಿಲ್ಲ ಎಂದುಕೊಂಡಿರಬೇಕು. ತನ್ನ ಪರವಾಗಿ ಮಾತಾಡುವ ಒಂದೇ ಒಂದು ಸಾಕ್ಷಿಯನ್ನು ಕಿಸೆಯಲ್ಲಿಟ್ಟುಕೊಂಡು ಅದನ್ನು ಎಲ್ಲಿ ಒಡೆಯಲಿ ಎಂದು ಕಲ್ಲು ಹುಡುಕುತ್ತಿರುತ್ತಾರೆ.

ಹುಡುಕು ಅಕ್ಕ. ಇದನ್ನು ಓದಿದ ಕೂಡಲೇ ಎದ್ದು ಹೊರಡು. ವ್ಯಾನಿನವರು ನಿಲ್ಲುವ ಜಾಗಗಳು, ಅವರ ಗೆಳೆಯರ ಮನೆಗಳು, ಎಲ್ಲ ಕಡೆ ಕೇಳು. ಸಿಕ್ಕರೆ ಬೈಯಬೇಡ, ಹೊಡೆಯಬೇಡ. ನೀವು ವಾಪಸ್ಸು ಬಂದದ್ದೂ ಅದರಲ್ಲಿದೆ, ಒಡೆಯಬೇಡಿ ಎಂದು ಹೇಳು. ಮೊದಲು ಅದನ್ನು ಹೇಳು.

ತಮ್ಮ